ಕಾರ್ಡಡೋರ್ ಮನೆಯ ಉಣ್ಣೆಯ ಗಾದಿ

ಶನಿವಾರ ಬೆಳಿಗ್ಗೆ ಏಳೂವರೆಗೆ ಆಕ್ಲೆಂಡಿನ ಹೆಂಡರ್ಸನ್ ಬಿಟ್ಟೆವು. ಜೂನ್ ತಿಂಗಳು, ಇಲ್ಲಿ ಅದು ಚಳಿಗಾಲ. ಗದಗಿನ ನಮ್ಮ ಓಣಿಯ ಹೆಂಗಸರಿಗೆ ಫೋನಿನಲ್ಲಿ ಎಷ್ಟು ಸಲ ಹೇಳಿದರೂ ನಂಬುವುದಿಲ್ಲ. ಕಾರಿನ ಗಾಜಿನ ಮೇಲೆ ಮಂಜು ಉಪ್ಪಿನ ಹಾಗೆ ಗಟ್ಟಿಯಾಗಿ ಕೂತಿತ್ತು. ನನ್ನ ಮಗ ಮೆಹಬೂಬ ಬಿಸಿನೀರು ಸುರಿಯಲು ಹೋದ. ಗಾಜು ಸೀಳುತ್ತದೆ ಎಂದು ಡ್ಯಾನ್ ತಡೆದು ನಲ್ಲಿಯ ತಣ್ಣೀರು ಸುರಿದ. ಡ್ಯಾನ್ ನನ್ನ ಮೊಮ್ಮಗಳು ನಾಜಿಯಾಳ ಗಂಡ. ಈ ದೇಶದಲ್ಲೇ ಹುಟ್ಟಿದವನು, ಮನೆಗಳಿಗೆ ನೀರಿನ ಕೊಳವೆ ಜೋಡಿಸುವ ಕೆಲಸ. ಕಲ್ಮಾ ಓದಿ ನಿಕಾ ಮಾಡಿಕೊಂಡಿದ್ದಾನೆ. ನಮಾಜಿಗೆ ನಿಂತರೆ ಪಕ್ಕದವರನ್ನು ನೋಡಿ ಬಾಗುತ್ತಾನೆ, ನೋಡಿ ಏಳುತ್ತಾನೆ. ಇರಲಿ. ಕುಡಿಯುವುದಿಲ್ಲ, ಕೆಲಸ ತಪ್ಪಿಸುವುದಿಲ್ಲ, ಸುಳ್ಳು ಹೇಳಲು ಬರುವುದಿಲ್ಲ. ಕಡೆಯದರಲ್ಲಿ ಅವನು ನಮಗಿಂತ ಮೇಲು.

ಮುಂದೆ ಮೆಹಬೂಬ ಮತ್ತು ಡ್ಯಾನ್, ಹಿಂದೆ ನಾನು, ನಾಜಿಯಾ, ನಡುವೆ ತನ್ನ ಕುರ್ಚಿಯಲ್ಲಿ ಕಟ್ಟಿಸಿಕೊಂಡು ಅವಳ ಕೂಸು. ಸೊಸೆ ಬರಲಿಲ್ಲ. ಶನಿವಾರ ಅಂಗಡಿ ಮುಚ್ಚಲಾಗದು ಎಂದಳು. ಮಗನ ಅಂಗಡಿ ಹೆಂಡರ್ಸನ್‌ನ ಪೇಟೆಯಲ್ಲಿದೆ. ಗಾದಿ ಮಾರುತ್ತಾನೆ. ಒಳಗೆ ಸ್ಪ್ರಿಂಗ್, ಮೇಲೆ ಪ್ಲಾಸ್ಟಿಕ್, ಎತ್ತಲು ಇಬ್ಬರು ಬೇಕು. ನಾನು ಒಮ್ಮೆ ಒತ್ತಿ ನೋಡಿ, ಇದರೊಳಗೆ ಏನಿದೆ ಎಂದು ನಿನಗಾದರೂ ಗೊತ್ತೇನು ಎಂದು ಕೇಳಿದ್ದೆ. ಅಂದಿನಿಂದ ನನ್ನನ್ನು ಅಂಗಡಿಗೆ ಕರೆದೊಯ್ಯುವುದನ್ನು ಬಿಟ್ಟ.

ಹೊರಟಿದ್ದದ್ದು ಟೆ ಕುಯಿಟಿ ಎಂಬ ಊರಿಗೆ. ದಕ್ಷಿಣಕ್ಕೆ ಇನ್ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಅಲ್ಲಿ ಡ್ಯಾನ್‌ನ ಅಜ್ಜ ಒಬ್ಬನೇ ಇದ್ದಾನೆ. ಹೆಸರು ಫ್ರಾಂಕ್, ಅಡ್ಡಹೆಸರು ಕಾರ್ಡಡೋರ್. ಸ್ಪೇನ್ ದೇಶದ ಹೆಸರು. ಆ ಮುದುಕನ ಅಜ್ಜ ಹಡಗಿನಲ್ಲಿ ಬಂದು ಇಲ್ಲಿ ಉಳಿದವನಂತೆ. ಡ್ಯಾನ್‌ನ ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಈಗ ಆ ಹೆಸರಿನವರು ಈ ದೇಶದಲ್ಲಿ ಅಜ್ಜ ಮತ್ತು ಮೊಮ್ಮಗ, ಇಬ್ಬರೇ. ಮುದುಕನಿಗೆ ಗೊತ್ತಿರುವಷ್ಟರ ಮಟ್ಟಿಗೆ, ಅಷ್ಟೇ.

ಕೂಸಿಗೆ ನಲವತ್ತು ದಿನದ ನೀರು ಹಾಕಿ ಆಗಿತ್ತು. ಕರೆಯುವ ಹೆಸರು ಮರಿಯಮ್ ಎಂದು ಇಟ್ಟಾಗಿತ್ತು, ಅದಕ್ಕೆ ಎರಡೂ ಮನೆಯವರು ಒಪ್ಪಿದ್ದರು. ಜಗಳ ಅಡ್ಡಹೆಸರಿನದು. ಹುಟ್ಟಿದ ಎರಡು ತಿಂಗಳೊಳಗೆ ಸರ್ಕಾರಕ್ಕೆ ಬರೆದು ಕೊಡಬೇಕು. ಮುದುಕ, ಕಾರ್ಡಡೋರ್ ಒಂದೇ ಇರಬೇಕು, ಅದರ ಮಗ್ಗುಲಿಗೆ ಇನ್ನೊಂದು ಬೇಡ ಎಂದು ಹಟ ಹಿಡಿದಿದ್ದ. ಮೆಹಬೂಬ ನಡುವೆ ಖಾನ್ ಸೇರಲೇಬೇಕು ಎನ್ನುತ್ತಿದ್ದ. ಫೋನಿನಲ್ಲಿ ಮಾತಾಡಿ ಮಾತಾಡಿ ನಾಜಿಯಾಳಿಗೆ ಹಾಲು ಕಡಿಮೆಯಾಯಿತು. ಎದುರು ಕೂತು ಮುಗಿಸಿಬಿಡೋಣ ಎಂದು ಅವಳೇ ಈ ಪ್ರಯಾಣ ಹೂಡಿದಳು.

ಕಾರು ಹತ್ತುವ ಮುಂಚೆ ಮೆಹಬೂಬ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ: “ಅವ್ವಾ, ಅಲ್ಲಿ ಆ ಮುದುಕ ಏನರ ಕೇಳಿದ್ರ, ನಾವು ಜವಳಿ ವ್ಯಾಪಾರದವರು. ಅಷ್ಟ ಹೇಳು. ಉಳದದ್ದು ನಾ ನೋಡ್ಕೋತೀನಿ.”

“ನಂಗ ಇಂಗ್ಲಿಷ ಬರಂಗಿಲ್ಲ. ನಾ ಏನ್ ಹೇಳ್ಲಿ?” ಎಂದೆ.

ಈಗ ಖಾನ್ ಎಂಬುದರ ಕಥೆ ಹೇಳಬೇಕು. ನಾವು ಖಾನ್ ಅಲ್ಲ. ನಮ್ಮ ಅಡ್ಡಹೆಸರು ಪಿಂಜಾರ. ಹತ್ತಿ ಹಿಂಜುವವರು, ಗಾದಿ ತುಂಬುವವರು. ನಮ್ಮನೆಯವರು ಆಳುದ್ದದ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದರು. ಕರೆದವರ ಅಂಗಳದಲ್ಲಿ ಹಳೆಯ ಗಾದಿ ಬಿಚ್ಚಿ, ಹತ್ತಿಯ ಮೇಲೆ ಬಿಲ್ಲು ಇಳಿಬಿಟ್ಟು, ಮರದ ಹಿಡಿಯಿಂದ ತಂತಿಗೆ ಬಡಿಯುತ್ತಿದ್ದರು. ಗಂಟು ಕಟ್ಟಿದ ಹತ್ತಿ ಎದ್ದು ಹಾರಾಡುತ್ತಿತ್ತು. ನಾನು ಜೊತೆಗೆ ಕೂತು ಹೊಲಿಯುತ್ತಿದ್ದೆ. ಮೆಹಬೂಬ ಶಾಲೆಗೆ ಹೋಗುವಾಗ ಹುಡುಗರು ಹಿಂದಿನಿಂದ ಟಂಯ್ ಟಂಯ್ ಎಂದು ಬಿಲ್ಲಿನ ಸದ್ದು ಮಾಡುತ್ತಿದ್ದರು. ತಲೆಯಲ್ಲಿ ಹತ್ತಿ ಐತಿ ಎಂದು ಅವನ ಕೂದಲು ಜಗ್ಗುತ್ತಿದ್ದರು. ಹತ್ತಿ ಇರಲಿ ಬಿಡಲಿ, ಅವನು ಶಾಲೆಯ ಬಾಗಿಲಲ್ಲಿ ನಿಂತು ತಲೆ ಜಾಡಿಸಿಕೊಂಡೇ ಒಳಗೆ ಹೋಗುತ್ತಿದ್ದ. ದೊಡ್ಡವನಾಗಿ ಪಾಸ್‌ಪೋರ್ಟ್ ಮಾಡಿಸುವಾಗ ಹುಬ್ಬಳ್ಳಿಗೆ ಹೋಗಿ, ವಕೀಲರಿಂದ ಕಾಗದ ಬರೆಸಿ, ಖಾನ್ ಆಗಿ ಮನೆಗೆ ಬಂದ. ನಮ್ಮನೆಯವರು ಕೇಳಿದರು, ಬಿಲ್ಲು ತೆಗೆದುಕೊಂಡು ಕೆಲಸಕ್ಕೆ ಹೋದರು.

ಕಡೆಗೆ ಹತ್ತಿಯ ಧೂಳು ಎದೆಗೆ ಸೇರಿ ಕೆಮ್ಮಿ ಕೆಮ್ಮಿ ತೀರಿಕೊಂಡರು. ಮೆಹಬೂಬ ಇಲ್ಲಿಂದ ಬಂದು ಗೋರಿಗೆ ಕಲ್ಲು ಹಾಕಿಸಿದ. ಒಳ್ಳೆಯ ಕರಿಯ ಕಲ್ಲು. ಅದರ ಮೇಲೂ ಖಾನ್. ಓಣಿಯವರು ಓದಿ, ಇದು ಯಾರ ಗೋರಿ ಎಂದು ನನ್ನನ್ನು ಕೇಳಿದರು. ಆಗ ನನಗೆ ಓದಲು ಬರುತ್ತಿರಲಿಲ್ಲ. ಅವರು ಕೇಳಿದ ಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಸುಮ್ಮನಿದ್ದೆ. ತಪ್ಪು ಅವನೊಬ್ಬನದಲ್ಲ. ಮುಂದಿನ ವರ್ಷ ನಾನು ಮುದುಕಿಯರ ಅಕ್ಷರದ ತರಗತಿಗೆ ಸೇರಿ ಓದು ಬರಹ ಕಲಿತೆ. ಅದಾಗಿ ಕೆಲವು ವರ್ಷಕ್ಕೆ ಮಗ ನನ್ನನ್ನು ಇಲ್ಲಿಗೆ ಕರೆಸಿಕೊಂಡ. ನನ್ನ ಪಾಸ್‌ಪೋರ್ಟಿನಲ್ಲೂ ಖಾನ್ ಎಂದೇ ಇದೆ. ನಾಜಿಯಾ ಮೂರು ವರ್ಷದವಳಾಗಿ ಇಲ್ಲಿಗೆ ಬಂದವಳು. ಅಜ್ಜ ಜವಳಿ ವ್ಯಾಪಾರಿ ಎಂದೇ ಅವಳಿಗೆ ಹೇಳಿ ಬೆಳೆಸಿದ್ದರು.

ಎಂಟೂವರೆ ದಾಟಿದ ಮೇಲೆ ಬಾಂಬೆ ಎಂಬ ಊರು ಬಂತು. ಈ ದೇಶದಲ್ಲೂ ಒಂದು ಬಾಂಬೆ ಇದೆ. ಗುಡ್ಡ, ಈರುಳ್ಳಿ ಬೆಳೆಯುವ ಕೆಂಪು ಹೊಲ, ಹೆದ್ದಾರಿ ಪಕ್ಕ ಪೆಟ್ರೋಲ್ ಹಾಕುವ ಜಾಗ, ಶೌಚಾಲಯ ಚೊಕ್ಕಟ. ಚಹಾ ಒಂದು ಕಪ್ಪಿಗೆ ಐದು ಡಾಲರ್, ಬರೀ ಬಿಸಿನೀರು. ನಮ್ಮ ಮುಂಬೈಯಿಂದ ಬಂದವರು ಕಟ್ಟಿದ ಊರೇ ಎಂದು ನಾಜಿಯಾಳಿಂದ ಡ್ಯಾನನ್ನು ಕೇಳಿಸಿದೆ. ಅಲ್ಲವಂತೆ. ಬಾಂಬೆ ಎಂಬ ಹೆಸರಿನ ಹಡಗಿನಲ್ಲಿ ಬಂದ ಬಿಳಿಯರು ಇಳಿದು ಹೊಲ ಮಾಡಿದ್ದಕ್ಕೆ ಹಡಗಿನ ಹೆಸರು ಊರಿಗೆ ಬಿತ್ತಂತೆ. ಹೆಸರನ್ನು ನಂಬಿ ಹೋದರೆ ಹೀಗೇ ಆಗುವುದು ಎಂದೆ. ಮೆಹಬೂಬ ಕನ್ನಡಿಯಲ್ಲಿ ನನ್ನನ್ನು ನೋಡಿದ.

ಬಾಂಬೆ ಗುಡ್ಡ ಇಳಿದರೆ ಮಂಜು. ಎದುರಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣಿಸುತ್ತಿರಲಿಲ್ಲ. ಪಕ್ಕದಲ್ಲಿ ದೊಡ್ಡ ಹೊಳೆ ಇದೆ, ವೈಕಾಟೊ ಎಂದು ಡ್ಯಾನ್ ಹೇಳಿದ. ಹೇಳಿದ್ದರಿಂದ ಇದೆ ಎಂದುಕೊಂಡೆ. ಆ ಮಂಜಿನಲ್ಲಿ ಹೋಗುತ್ತ ಡ್ಯಾನ್ ತನ್ನ ಅಜ್ಜನ ಮನೆಯ ಗೋಡೆಯಲ್ಲಿರುವ ಪಟದ ಸಂಗತಿ ತೆಗೆದ. ನಾಜಿಯಾ ನನಗೆ ಕನ್ನಡದಲ್ಲಿ ಹೇಳಿದಳು. ಬಹಳ ಹಿಂದೆ ಆಕ್ಲೆಂಡಿನ ಒಂದು ಮೇಳದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ ಒಬ್ಬನಿಗೆ ಅಡ್ಡಹೆಸರು ಹೇಳಿದರೆ, ಅದು ಎಲ್ಲಿ ಹುಟ್ಟಿತು, ಅರ್ಥವೇನು, ಯಾವ ಸೀಮೆಯಲ್ಲಿ ಎಷ್ಟು ಜನಕ್ಕಿದೆ ಎಂದು ದಪ್ಪ ಕಾಗದದಲ್ಲಿ ಅಚ್ಚು ಹಾಕಿ ಕೊಡುತ್ತಿದ್ದನಂತೆ. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ಓದಿ ಕಾಳು ಕೇಳುತ್ತಾರಲ್ಲ, ಅಂಥದ್ದೇ. ಹೆಳವರು ಪಿಂಜಾರರ ಬಾಗಿಲಿಗೆ ಬಂದದ್ದನ್ನು ನಾನು ನೋಡಿಲ್ಲ.

ಆ ಪಟದಲ್ಲಿ ಸಿಂಹ, ಗುರಾಣಿ, ಕತ್ತಿ ಇವೆಯಂತೆ. ಹೆಸರು ಬಹಳ ಹಳೆಯದು, ಸ್ಪೇನಿನಲ್ಲೂ ಅಪರೂಪ, ಕೊರ್ಡೋಬಾ ಎಂಬ ಬಿಸಿಲು ಸೀಮೆಯಲ್ಲಿ ಕೆಲವು ಮನೆ, ಬಾರ್ಸಿಲೋನಾ ಕಡೆ ಕೆಲವು ಮನೆ, ಅಷ್ಟೇ ಎಂದು ಬರೆದಿದೆಯಂತೆ. ಸೈನ್ಯದ ದಂಡನಾಯಕನ ವಂಶ ಎಂದು ಮುದುಕ ಹೇಳುತ್ತಾನೆ. ಮದುವೆಯ ದಿನ ಮುದುಕ ಈ ಸಿಂಹದ ಸಂಗತಿ ಹೇಳಿದ್ದಕ್ಕೇ ಮೆಹಬೂಬ ನಾವೂ ಪಠಾಣರು, ಸಿಪಾಯಿ ಕುಲ, ಆಮೇಲೆ ಜವಳಿ ವ್ಯಾಪಾರ ಮಾಡಿದೆವು ಎಂದಿದ್ದ. ಒಂದು ಸಿಂಹಕ್ಕೆ ಒಬ್ಬ ಪಠಾಣ. ನಾನು ಆ ದಿನ ಪಕ್ಕದಲ್ಲೇ ಕೂತು ಬಿರಿಯಾನಿ ತಿನ್ನುತ್ತಿದ್ದೆ.

ಹ್ಯಾಮಿಲ್ಟನ್ ದಾಟಿದ ಮೇಲೆ ಬಿಸಿಲು ಬಂತು. ರಸ್ತೆಯ ಪಕ್ಕ ಕಾರು ನಿಲ್ಲಿಸಿ ನಾನು ಕಟ್ಟಿಕೊಂಡು ಬಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬೇಯಿಸಿದ ಮೊಟ್ಟೆ ತಿಂದೆವು. ಜೋಳದ ಹಿಟ್ಟು ಏವನ್‌ಡೇಲ್‌ನ ಭಾನುವಾರದ ಸಂತೆ ಹತ್ತಿರ ಒಂದು ಅಂಗಡಿಯಲ್ಲಿ ಸಿಗುತ್ತದೆ, ಹಳೆಯದಿರುತ್ತದೆ, ರೊಟ್ಟಿ ಬಿರಿಯುತ್ತದೆ. ಬೇಲಿಯಾಚೆ ಹಸಿರೋ ಹಸಿರು, ಅದರ ತುಂಬ ಕುರಿ. ಬೇಲಿಯ ಬುಡದಲ್ಲಿ ಎದೆಯೆತ್ತರದ ಮುಳ್ಳುಗಿಡಗಳು ಒಣಗಿ ನಿಂತಿದ್ದವು, ತುದಿಯಲ್ಲಿ ಮುಷ್ಟಿಯಂಥ ಮುಳ್ಳಿನ ತಲೆ. ಅದಕ್ಕೆ ಕುರಿಯ ಉಣ್ಣೆಯ ಎಳೆಗಳು ಸಿಕ್ಕಿಕೊಂಡು ಗಾಳಿಗೆ ಆಡುತ್ತಿದ್ದವು. ಬಿಡಿಸಿ ಬೆರಳಲ್ಲಿ ಹಿಂಜಿ ನೋಡಿದೆ. ಜಿಡ್ಡು ಇತ್ತು, ಹತ್ತಿಗಿಂತ ಉದ್ದ ಎಳೆ. ಮೆಹಬೂಬ ಕಾರಿನೊಳಗಿಂದ ಹಾರ್ನ್ ಒತ್ತಿದ.

ಹನ್ನೆರಡರ ಹೊತ್ತಿಗೆ ಟೆ ಕುಯಿಟಿ. ಸುತ್ತ ಗುಡ್ಡ, ನಡುವೆ ಒಂದೇ ದೊಡ್ಡ ಬೀದಿ, ರೈಲು ಹಳಿ. ಊರಿನ ತುದಿಯಲ್ಲಿ ಕುರಿಯ ಉಣ್ಣೆ ಕತ್ತರಿಸುವವನ ದೊಡ್ಡ ಪ್ರತಿಮೆ ನಿಲ್ಲಿಸಿದ್ದಾರೆ. ಎರಡು ಮಾಳಿಗೆಯಷ್ಟು ಎತ್ತರ. ಬಾಗಿ ಕುರಿಯನ್ನು ಕಾಲ ನಡುವೆ ಹಿಡಿದಿದ್ದಾನೆ. ಇವನು ಯಾವ ರಾಜ ಎಂದು ಕೇಳಿದೆ. ರಾಜನಲ್ಲ, ಆ ಕೆಲಸ ಮಾಡುವವನು, ಅಷ್ಟೇ ಎಂದ ಡ್ಯಾನ್. ಕೈಕೆಲಸದವನಿಗೆ ಇಷ್ಟು ಎತ್ತರದ ಪ್ರತಿಮೆ ನಿಲ್ಲಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕಾರು ತಿರುಗುವವರೆಗೂ ನೋಡಿದೆ.

ಮುದುಕನ ಮನೆ ಗುಡ್ಡದ ಮಗ್ಗುಲಲ್ಲಿ, ಹಲಗೆಯ ಮನೆ, ತಗಡಿನ ಮಾಡು. ಫ್ರಾಂಕ್ ನನಗಿಂತ ನಾಲ್ಕು ವರ್ಷ ದೊಡ್ಡವನು, ಎತ್ತರ, ಬೆನ್ನು ಇನ್ನೂ ನೆಟ್ಟಗೆ. ನನ್ನನ್ನು ಮಿಸೆಸ್ ಖಾನ್ ಎಂದು ಕರೆದು ಕೈ ಕೊಟ್ಟ. ನಾನು ಕೈ ಎದೆಗಿಟ್ಟುಕೊಂಡೆ. ಕೂಸನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದ. ನಗಲಿಲ್ಲ. ಗೋಡೆಯಲ್ಲಿ ಪಟ ಇತ್ತು, ಹೇಳಿದ ಹಾಗೆ ಸಿಂಹ, ಗುರಾಣಿ, ಕತ್ತಿ. ಪಟಕ್ಕಿಂತ ಚೌಕಟ್ಟು ಗಿಡ್ಡ ಎನ್ನಿಸಿತು. ಕೆಳಗಿನ ಸಾಲು ಚೌಕಟ್ಟಿನ ಅಂಚಿಗೆ ತೀರ ಒತ್ತಿಕೊಂಡಿತ್ತು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಬಟ್ಟೆ ಎಲ್ಲಿ ಮಡಚಿದೆ ಎಂದು ಕಾಣುತ್ತದೆ. ಆಗ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನಮಗಾಗಿ ಮಾಂಸ ಬಿಟ್ಟು ಮೀನು, ಆಲೂಗಡ್ಡೆ, ಬಟಾಣಿ ಬೇಯಿಸಿದ್ದ. ಉಪ್ಪು ನಾವೇ ಹಾಕಿಕೊಂಡೆವು. ಉಂಡ ಮೇಲೆ ಹೆಸರಿನ ಮಾತು ಶುರುವಾಯಿತು, ಚಹಾದ ಹೊತ್ತಿಗೂ ಮುಗಿಯಲಿಲ್ಲ. ಮುದುಕ ಹೆಚ್ಚು ಮಾತಾಡಲಿಲ್ಲ. ಹಿಂದೆ ಫೋನ್ ಪುಸ್ತಕದಲ್ಲಿ ಈ ಹೆಸರಿನ ಮೂರು ಮನೆ ಇದ್ದವು, ಈಗ ಪುಸ್ತಕವೇ ಇಲ್ಲ ಎಂದ. ಜೋಡಿ ಹೆಸರು ಇಟ್ಟರೆ ಮಕ್ಕಳು ದೊಡ್ಡವರಾಗಿ ಒಂದನ್ನು ಬಿಡುತ್ತಾರೆ, ಹೇಳಲು ಕಷ್ಟವಾದದ್ದನ್ನೇ ಬಿಡುತ್ತಾರೆ ಎಂದ. ಅದು ಸುಳ್ಳಲ್ಲ. ಮೆಹಬೂಬ ತಂದೆಯ ಗೌರವ, ಮನೆತನದ ಗೌರವ ಎಂದು ಇಂಗ್ಲಿಷಿನಲ್ಲಿ ಬಹಳ ಹೇಳಿದ. ತಂದೆ ಎಂಬ ಮಾತು ಬಂದಾಗಲೆಲ್ಲ ನನ್ನ ಕಡೆ ನೋಡುವುದನ್ನು ತಪ್ಪಿಸಿದ. ನಾಜಿಯಾ ಕೂಸಿಗೆ ಹಾಲು ಕೊಡಲು ಎದ್ದು ಹೋಗಿ ವಾಪಸು ಬರಲೇ ಇಲ್ಲ. ಆ ದಿನ ಅಲ್ಲಿಗೇ ನಿಂತಿತು.

ನನಗೆ ಕೊಟ್ಟ ಕೋಣೆ ಮುದುಕನ ತೀರಿಕೊಂಡ ಹೆಂಡತಿಯದು. ಮಂಚದ ಮೇಲೆ ಉಣ್ಣೆ ತುಂಬಿದ ಹಳೆಯ ಗಾದಿ. ಅವನ ತಾಯಿ ಮಾಡಿದ್ದಂತೆ. ನಿದ್ದೆ ಬರಲಿಲ್ಲ. ಬೆನ್ನಿನಡಿ ಎಲ್ಲ ಗಂಟು, ನಡುವೆ ಕುಣಿ. ಎಲ್ಲಿ ಎಷ್ಟು ಉಣ್ಣೆ ಜಾರಿದೆ ಎಂದು ಕೈಯಲ್ಲಿ ಲೆಕ್ಕ ಹಾಕುತ್ತ ಮಲಗಿದ್ದೆ.

ಭಾನುವಾರ ಬೆಳಿಗ್ಗೆ ನಮಾಜು ಮುಗಿಸಿ ಹೊರಗೆ ಬಂದರೆ ಮುದುಕ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ. ನಾಜಿಯಾ ಎದ್ದು ಬಂದಿದ್ದಳು. ನಿದ್ದೆ ಹೇಗಾಯಿತು ಎಂದು ಕೇಳಿದ. ಆಗಲಿಲ್ಲ, ಗಾದಿ ಗಂಟು ಕಟ್ಟಿದೆ, ಬಿಚ್ಚಿ ಹಿಂಜಿ ಎಷ್ಟು ವರ್ಷವಾಯಿತು ಎಂದು ಕೇಳು ಎಂದೆ. ನಾಜಿಯಾ ಹೇಳಲು ನಾಚಿದಳು. ಹೇಳು ಎಂದು ಗದರಿಸಿದೆ. ಮುದುಕ ಅದನ್ನು ಬಿಚ್ಚಬಹುದೆಂದೇ ಗೊತ್ತಿರಲಿಲ್ಲ ಎಂದ. ಕತ್ತರಿ ಮತ್ತು ದಬ್ಬಳ ಇದ್ದರೆ ಕೊಡು ಎಂದೆ. ಉಣ್ಣೆಯ ಮೂಟೆ ಹೊಲಿಯುವ ದಪ್ಪ ಸೂಜಿ ಅವನ ಹತ್ತಿರ ಇತ್ತು.

ಡ್ಯಾನ್ ಮತ್ತು ಮುದುಕ ಗಾದಿಯನ್ನು ಜಗಲಿಗೆ ತಂದರು. ಒಂದು ಬದಿಯ ಹೊಲಿಗೆ ಬಿಚ್ಚಿ ಉಣ್ಣೆಯನ್ನು ಹಳೆಯ ಚಾದರದ ಮೇಲೆ ಎಳೆದು ಹಾಕಿದೆ. ಹಳದಿಗಟ್ಟಿತ್ತು, ಆದರೆ ಸತ್ತಿರಲಿಲ್ಲ. ಬಿಲ್ಲು ಇಲ್ಲ, ಆದ್ದರಿಂದ ಕೈಯಲ್ಲೇ ಹಿಂಜಿದೆ. ಎರಡು ಬೆರಳಿಂದ ಗಂಟು ಹಿಡಿ, ಅಡ್ಡ ಜಗ್ಗು, ಮತ್ತೆ ಜಗ್ಗು, ಬೆಳಕು ಒಳಗೆ ಹೋಗುವ ಹಾಗಾದರೆ ಬಿಡು. ನಾಜಿಯಾಳಿಗೆ ತೋರಿಸಿದೆ, ಅವಳೂ ಕೂತಳು. ಮುದುಕನೂ ಒಂದು ಗಂಟು ತೆಗೆದುಕೊಂಡ. ನನ್ನ ಕೈ ನೋಡುತ್ತಿದ್ದ. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದ.

ಆ ಹೊತ್ತಿಗೆ ಮೆಹಬೂಬ ಬಾಗಿಲಿಗೆ ಬಂದ. ಚಾದರ, ಉಣ್ಣೆ, ನಡುವೆ ನಾನು. ಅವನ ಮುಖ ನೋಡಿದೆ. ಶಾಲೆಯ ಬಾಗಿಲಲ್ಲಿ ತಲೆ ಜಾಡಿಸಿಕೊಳ್ಳುತ್ತಿದ್ದ ಮುಖವೇ. ಮುದುಕನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅವ್ವನಿಗೆ ಇದು ಹವ್ಯಾಸ, ಮನೆಯಲ್ಲಿ ಬೇಸರವಾದರೆ ಮಾಡುತ್ತಾಳೆ ಎಂದನಂತೆ. ಆಮೇಲೆ ನನ್ನ ಕಡೆ ತಿರುಗಿದ.

“ಏಳ್ ಅವ್ವಾ. ಯಾಕ ಹಿಂಗ ಮಾಡಾಕತ್ತೀ? ಮಂದಿ ಮನ್ಯಾಗ ನನ್ನ ಮಾನ ಕಳೀಬ್ಯಾಡ.”

ನಾನು ಏಳಲಿಲ್ಲ. ಎದ್ದರೆ ಮತ್ತೆ ಕೂರುವುದು ನನಗೆ ಕಷ್ಟ. ನಾಜಿಯಾಳಿಗೆ ಹೇಳಿದೆ: “ಈಗ ನಾ ಹೇಳಿದ್ದನ್ನ ಇದ್ದದ್ದ ಇದ್ದಂಗ ಹೇಳವಾ. ನಿಮ್ಮಜ್ಜ ಜವಳಿ ವ್ಯಾಪಾರಿ ಅಲ್ಲ. ನಾವು ಪಠಾಣರೂ ಅಲ್ಲ, ಖಾನರೂ ಅಲ್ಲ. ನಾವು ಪಿಂಜಾರರು. ನಿಮ್ಮಜ್ಜ ಮಂದಿ ಮನಿ ಗಾದಿ ಹಿಂಜಿ, ಹತ್ತಿ ಧೂಳ ಕುಡದು ಸತ್ತಾರ. ಆ ದುಡಿಮಿ ಮ್ಯಾಲ ನಿಮ್ಮಪ್ಪ ವಿಮಾನ ಹತ್ತಿ ಬಂದಾನ.”

“ಹೇಳಬ್ಯಾಡ ನಾಜಿಯಾ,” ಎಂದ ಮೆಹಬೂಬ.

ನಾಜಿಯಾ ಅಪ್ಪನನ್ನೂ ನೋಡಿದಳು, ನನ್ನನ್ನೂ ನೋಡಿದಳು. “ಅಪ್ಪಾ, ಈಸ್ ದಿಸ್ ಟ್ರೂ?” ಎಂದಳು. ಅವನು ಕಾರಿನ ಕಡೆ ನೋಡಿದ. ಅವಳು ಮುದುಕನ ಕಡೆ ತಿರುಗಿ ನಿಧಾನವಾಗಿ ಹೇಳಿದಳು. ನಡುನಡುವೆ ಶಬ್ದ ಸಿಗದೆ ಕೈಯಿಂದ ಉಣ್ಣೆ ಜಗ್ಗಿ ತೋರಿಸಿದಳು. ಬಿಲ್ಲನ್ನು ಗಾಳಿಯಲ್ಲಿ ಬರೆದಳು.

ಮುದುಕ ಕೇಳಿ ಮುಗಿಸಿ ಎದ್ದು ಒಳಗೆ ಹೋದ. ಮೆಹಬೂಬ ಕಾರಿನ ಕೀಲಿ ತೆಗೆದು ಕೈಯಲ್ಲಿ ಹಿಡಿದ. ಆಯಿತು, ಹೊರಡುವುದೇ ಎಂದು ನಾನೂ ಎಣಿಸಿದೆ. ಉಣ್ಣೆ ಇಷ್ಟು ಬಿಚ್ಚಿ ಬಿಟ್ಟುಹೋಗುವುದು ಹೇಗೆ ಎಂಬುದೊಂದೇ ನನಗೆ ಚಿಂತೆ.

ಮುದುಕ ಪಟ ಹಿಡಿದುಕೊಂಡು ಹೊರಗೆ ಬಂದ. ಮಡಿಲಲ್ಲಿ ಬೋರಲು ಹಾಕಿಕೊಂಡು, ಚಾಕುವಿನಿಂದ ಹಿಂದಿನ ಕಂದು ಕಾಗದ ಕೊಯ್ದ. ಸಣ್ಣ ಮೊಳೆಗಳನ್ನು ಒಂದೊಂದೇ ಎಬ್ಬಿಸಿದ. ಕಾಗದ ಹೊರಗೆ ತೆಗೆದು ಬಿಡಿಸಿದ. ಕೆಳಗಿನ ಮೂರು ಬೆರಳಿನಷ್ಟು ಭಾಗ ಹಿಂದಕ್ಕೆ ಮಡಚಿತ್ತು. ಮಡಿಕೆಯ ಜಾಗ ಬೆಳ್ಳಗೆ ಸವೆದಿತ್ತು. ಅದನ್ನು ನಾಜಿಯಾಳಿಗೆ ಕೊಟ್ಟು ಓದು ಎಂದ.

ಅವಳು ಮೊದಲು ಇಂಗ್ಲಿಷಿನಲ್ಲಿ ಓದಿದಳು, ಆಮೇಲೆ ನನಗೆ ಹೇಳಿದಳು. ಕಾರ್ಡಡೋರ್ ಎಂಬುದು ಕಸುಬಿನ ಹೆಸರು. ಒಂದು ಬಗೆಯ ಮುಳ್ಳುಗಿಡದ ಒಣಗಿದ ತಲೆಗಳನ್ನು ಹಲಗೆಗೆ ಜೋಡಿಸಿ, ಅದರಿಂದ ಉಣ್ಣೆ ಹಿಂಜುವವನು. ಆ ಮುಳ್ಳುಗಿಡದ ಹೆಸರಿನಿಂದಲೇ ಈ ಹೆಸರು ಬಂದದ್ದು. ಗುರಾಣಿ ಮತ್ತು ಸಿಂಹ ಅಂದಕ್ಕೆ ಹಾಕಿದ್ದು, ಯಾವ ಮನೆತನಕ್ಕೂ ಸೇರಿದ್ದಲ್ಲ ಎಂದು ಕಡೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿತ್ತು.

ಡ್ಯಾನ್ ಅಜ್ಜನನ್ನೇ ನೋಡುತ್ತಿದ್ದ, ಅವನಿಗೂ ಇದು ಹೊಸದು. ಮುದುಕ ಮೆಹಬೂಬನ ಕಡೆ ನೋಡಿ ಹೇಳಿದ. ಅವನು ಹೇಳಿದ್ದನ್ನು ನಾಜಿಯಾ ಆಮೇಲೆ ನನಗೆ ಹೇಳಿದ್ದು ಹೀಗೆ: “ನನ್ನ ಅಪ್ಪ ನಮಗೆ ದಂಡನಾಯಕನ ಕಥೆ ಹೇಳಿ ಬೆಳೆಸಿದ. ಈ ಕಾಗದ ಕೈಗೆ ಬಂದಾಗ ನನಗೆ ಐವತ್ತು ದಾಟಿತ್ತು. ಕಾರಿನಲ್ಲಿ ಕೂತು ಓದಿ, ಅಲ್ಲೇ ಮಡಚಿದೆ. ನೀನೊಬ್ಬನೇ ಅಲ್ಲ.”

ಮೆಹಬೂಬ ಕೀಲಿ ಜೇಬಿಗೆ ಹಾಕಿಕೊಂಡ, ಅಷ್ಟೇ.

ಹತ್ತು ಗಂಟೆಯಿಂದ ಒಂದರವರೆಗೆ ಉಣ್ಣೆ ಹಿಂಜಿದೆವು. ಬಿಸಿಲು ಚೆನ್ನಾಗಿ ಬಿತ್ತು. ಗಾದಿಯ ಚೀಲಕ್ಕೆ ಮತ್ತೆ ತುಂಬುವಾಗ ಮೂಲೆಗಳಿಗೆ ಮೊದಲು ತುಂಬಬೇಕು, ನಡುವಿಗೆ ಆಮೇಲೆ. ಎಲ್ಲರೂ ನಡುವೆಯೇ ತುರುಕುತ್ತಿದ್ದರು, ಕೈ ಮೇಲೆ ಹೊಡೆದು ಹೇಳಿಕೊಟ್ಟೆ. ಹೊಲಿಯುವಾಗ ನನಗೆ ದಬ್ಬಳದ ಕಣ್ಣಿಗೆ ದಾರ ಪೋಣಿಸಲಾಗಲಿಲ್ಲ. ನಾಜಿಯಾಳಿಗೆ ದಾರ ಎಷ್ಟು ಬಿಗಿ ಎಳೆಯಬೇಕೆಂದು ತಿಳಿಯಲಿಲ್ಲ. ಮೆಹಬೂಬ ಅಷ್ಟು ಹೊತ್ತೂ ಕಾರಿನ ಹತ್ತಿರ ನಿಂತಿದ್ದವನು ಬಂದು ಅವಳ ಕೈಯಿಂದ ದಬ್ಬಳ ಕಿತ್ತುಕೊಂಡ. ಹೊತ್ತಾಯಿತು, ಅಂಗಡಿ ಲೆಕ್ಕ ನೋಡಬೇಕು ಎಂದು ಗೊಣಗುತ್ತ ಕೂತ. ಮೇಲಿಂದ ಚುಚ್ಚಿ ಕೆಳಗಿಂದ ಎಳೆದು ಗಂಟು ಹಾಕಿದ. ನಾಲ್ಕು ಬೆರಳು ಬಿಟ್ಟು ಮತ್ತೊಂದು. ಹುಡುಗನಾಗಿ ನನ್ನ ಪಕ್ಕ ಕೂತು ಕಲಿತದ್ದು, ನಲವತ್ತು ವರ್ಷ ಮುಟ್ಟದ ಕೆಲಸ, ಒಂದು ಹೊಲಿಗೆಯೂ ವಾರೆಯಾಗಲಿಲ್ಲ. ನಾನು ಹೊಗಳಲಿಲ್ಲ. ಹೊಗಳಿದರೆ ಬಿಟ್ಟು ಏಳುತ್ತಿದ್ದ.

ಹೊರಡುವ ಮುಂಚೆ ಮುದುಕ ಎರಡೂ ಹೆಸರು ಹಾಕಿ, ಎರಡೂ ಒಂದೇ ಕೆಲಸ ಎಂದ. ನಾಜಿಯಾ ನನ್ನ ಪಕ್ಕ ಕೂತು, ಅಜ್ಜನ ನಿಜವಾದ ಪೂರ್ತಿ ಹೆಸರು ಏನಿತ್ತು ಹೇಳು ಎಂದಳು. ನಾನು ಹೇಳಲಿಲ್ಲ. ನಮ್ಮ ಕಾಲದವರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಸತ್ತವರಿಗೆ ಇನ್ನೇನು ಕಡಿಮೆಯಾಗುತ್ತದೆ, ಆದರೂ ನಾಲಿಗೆ ಏಳಲಿಲ್ಲ. ಪಟದ ಹಿಂದಿನಿಂದ ಕೊಯ್ದ ಕಂದು ಕಾಗದ ಅಲ್ಲೇ ಬಿದ್ದಿತ್ತು. ಪೆನ್ನು ಕೇಳಿ ಅದರ ಮೇಲೆ ಬರೆದೆ. ಆ ಹೆಸರನ್ನು ನಾನು ಬರೆದದ್ದು ಅದೇ ಮೊದಲು. ಬರೆಯುವುದು ಕಲಿತದ್ದು ಅದಕ್ಕಾಗಿಯೇ ಇರಬೇಕು, ಆದರೆ ಅಲ್ಲಿಯವರೆಗೆ ಬರೆದಿರಲಿಲ್ಲ.

ನಾಜಿಯಾಳಿಗೆ ಕನ್ನಡ ಓದಲು ಬರುವುದಿಲ್ಲ. ಅಲ್ಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಕನ್ನಡ ಓದಬಲ್ಲವನು ಒಬ್ಬನೇ. ಅವಳು ಕಾಗದವನ್ನು ಅಪ್ಪನ ಮುಂದೆ ಹಿಡಿದಳು.

“ನೀನೇ ಓದು ಅಪ್ಪಾ. ನೀನು ಹೇಳಿದ್ರೇನೇ ನಾನು ಫಾರ್ಮ್‌ನಲ್ಲಿ ಹಾಕೋದು.”

ಮೆಹಬೂಬ ಕಾಗದ ನೋಡಿದ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ, ಹೋಗೋಣ ಎಂದ. ಮಡಚುವುದು ಎಲ್ಲರಿಗೂ ಬರುತ್ತದೆ.

ಮುದುಕ ಕಾರಿನವರೆಗೆ ಬಂದ. ಈ ಸಲ ಕೈ ಚಾಚಲಿಲ್ಲ, ನನ್ನ ಹಾಗೆ ಎದೆಯ ಮೇಲೆ ಇಟ್ಟುಕೊಂಡು ಮಿಸೆಸ್ ಪಿಂಜಾರ ಎಂದ. ಎರಡು ವರ್ಷಕ್ಕೊಮ್ಮೆ ಗಾದಿ ಬಿಸಿಲಿಗೆ ಹಾಕು, ನಾನು ಮತ್ತೆ ಬರುವುದಿಲ್ಲ ಎಂದು ನಾಜಿಯಾಳಿಂದ ಹೇಳಿಸಿದೆ. ಕಾರು ತಿರುಗಿದಾಗ ಹಿಂದೆ ನೋಡಿದೆ. ಪಟದ ಖಾಲಿ ಚೌಕಟ್ಟು ಜಗಲಿಯ ಕುರ್ಚಿಯ ಮೇಲಿತ್ತು.

ವಾಪಸಿನ ದಾರಿಯಲ್ಲಿ ಮಂಜು ಇರಲಿಲ್ಲ, ವೈಕಾಟೊ ಹೊಳೆ ನಿಜವಾಗಿಯೂ ಇತ್ತು. ಅಗಲ, ಸದ್ದಿಲ್ಲದೆ ಹರಿಯುತ್ತದೆ. ಕೂಸು ಎರಡು ಸಲ ಅತ್ತಿತು. ನಾಜಿಯಾ ಹೊರಗೆ ನೋಡುತ್ತಿದ್ದಳು. ಇಪ್ಪತ್ತೈದು ವರ್ಷ ಸುಳ್ಳು ಹೆಸರು ಹೊತ್ತವಳು ಅವಳು, ಸಿಟ್ಟು ಬರಬೇಕಾದ್ದೇ. ನನ್ನ ಮೇಲೂ ಇರಬಹುದು. ಕೇಳಲಿಲ್ಲ.

ಬಾಂಬೆಯಲ್ಲಿ ಪೆಟ್ರೋಲಿಗೆ ನಿಲ್ಲಿಸಿದೆವು. ನಾಲ್ಕೂವರೆ, ಹೊತ್ತು ಇಳಿಯುತ್ತಿತ್ತು. ಉಳಿದ ರೊಟ್ಟಿ ಬಿಚ್ಚಿದೆ. ಗಟ್ಟಿಯಾಗಿದ್ದವು, ಚಟ್ನಿ ಹಚ್ಚಿ ಎಲ್ಲರಿಗೂ ಒಂದೊಂದು ಕೊಟ್ಟೆ. ಡ್ಯಾನ್ ಫೋನಿನಲ್ಲಿ ಆ ಫಾರ್ಮ್ ತೆರೆದು, ಮರಿಯಮ್ ಎಂದು ತುಂಬಿ, ಮುಂದಿನದಕ್ಕೆ ಬೆರಳು ನಿಲ್ಲಿಸಿಕೊಂಡು ಕೂತಿದ್ದ. ಪೆಟ್ರೋಲ್ ಹಾಕಿ ಬಂದು ಕೂತ ಮೆಹಬೂಬ ಕೀಲಿ ತಿರುಗಿಸಲು ಹೋದವನು ಬಿಟ್ಟ. ಜೇಬಿನಿಂದ ಕಾಗದ ತೆಗೆದ. ಕನ್ನಡಕ ಹಾಕಿಕೊಂಡ. ನನ್ನ ಅಕ್ಷರ ದೊಡ್ಡವು, ಕನ್ನಡಕ ಬೇಕಿರಲಿಲ್ಲ.

“ಇಮಾಮಸಾಬ ಪಿಂಜಾರ,” ಎಂದು ಓದಿದ.

ಡ್ಯಾನ್‌ಗೆ ಪಿಂಜಾರ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ತಿಳಿಯಲಿಲ್ಲ. ಮೆಹಬೂಬ ಒಂದೊಂದೇ ಅಕ್ಷರ ಹೇಳಿದ, ಡ್ಯಾನ್ ಒಂದೊಂದೇ ಒತ್ತಿದ. ಅದರ ಮುಂದೆ ಕಾರ್ಡಡೋರ್ ಎಂದು ತಾನೇ ತುಂಬಿದ. ನಾಜಿಯಾ ಮುಂದಕ್ಕೆ ಬಾಗಿ ಪರದೆ ನೋಡಿದಳು, ಅಪ್ಪನ ಹೆಗಲ ಮೇಲೆ ಕೈ ಇಟ್ಟು ತೆಗೆದಳು.

ಕಾರು ಹಿಂದಕ್ಕೆ ತೆಗೆಯಲು ಮೆಹಬೂಬ ಕನ್ನಡಿ ನೋಡಿದ. ಅವನ ಕೂದಲಲ್ಲಿ, ಕಿವಿಯ ಮೇಲೆ, ಉಣ್ಣೆಯ ಒಂದು ಎಳೆ ಸಿಕ್ಕಿಕೊಂಡಿತ್ತು. ಟೆ ಕುಯಿಟಿಯಿಂದಲೂ ನಾನು ಅದನ್ನು ನೋಡುತ್ತಿದ್ದೆ, ಹೇಳಿರಲಿಲ್ಲ. ಅವನಿಗೂ ಈಗ ಕಂಡಿತು. ಕೈ ಕೂದಲವರೆಗೆ ಹೋಯಿತು, ಮತ್ತೆ ಸ್ಟಿಯರಿಂಗಿಗೆ ಬಂತು. ಹಾಗೇ ಹೆಂಡರ್ಸನ್‌ವರೆಗೆ ಓಡಿಸಿದ.